ತಂಬಿಗೆಯ ಮೇಲಿನ ಹೆಸರು

ಮಲ್ಕಪ್ಪನ ಮನೆಯಲ್ಲಿ ಓದಿ ಮುಗಿಸಿದವನು ಒಬ್ಬನೇ ಇದ್ದ, ಅವನ ಓದು ಯಾರಿಗೂ ಬೇಡವಾಗಿತ್ತು. ಹಿರಿಯ ಮಗ ಲಾಲಪ್ಪ ಉರ್ದು ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದ. ಅವನು ಓದಲು ಕುಳಿತಾಗ ನಿಜಾಮನ ಸರ್ಕಾರ ಇತ್ತು, ಓದಿ ಎದ್ದಾಗ ಇರಲಿಲ್ಲ. ಯಾದಗಿರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲಂತೂ ಕಚೇರಿಯ ಬೋರ್ಡು, ಅರ್ಜಿ, ರಸೀದಿ ಎಲ್ಲವೂ ಕನ್ನಡಕ್ಕೆ ತಿರುಗಿದವು. ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡದ ಹುಡುಗನಿಗೆ ಕನ್ನಡದಲ್ಲಿ ಒಂದು ಸಾಲು ಬರೆಯಲು ಬಾರದು. ಮೂರು ಕಡೆ ಕೆಲಸ ಕೇಳಿದ, ಮೂರು ಕಡೆಯೂ ಇಲ್ಲವೆನಿಸಿಕೊಂಡು ಬಂದ. ಓದಿ ಓದಿ ಮರುಳಾದ ಕೂಚುಭಟ್ಟ ಎಂಬ ಗಾದೆ ಓಣಿಯವರಿಗೆ ಆಗ ನೆನಪಾಯಿತು. ಇಪ್ಪತ್ತು ತುಂಬಿದ ಲಾಲಪ್ಪ ಮನೆಯಲ್ಲಿ ಕುಳಿತು ಉಣ್ಣುತ್ತಿದ್ದ.

ಉಣ್ಣುವುದಕ್ಕೆ ಕೊರತೆಯಿದ್ದ ಮನೆಯೇನಲ್ಲ. ಮಲ್ಕಪ್ಪ ಹನ್ನೆರಡು ವರ್ಷದ ಹಿಂದೆ ಕುರಿ ಹಿಂಡನ್ನು ಕೊಂಕಲ್‌ನಲ್ಲಿದ್ದ ತಂಗಿಯ ಗಂಡನಿಗೆ ಒಪ್ಪಿಸಿ ಬಂದು, ಯಾದಗಿರಿಯ ಕುರುಬರ ಓಣಿಯಲ್ಲಿ ಕಂಬಳಿ ಮಗ್ಗ ಹೂಡಿದ್ದ. ತಾಯಿ ಗೊಲ್ಲಾಳಮ್ಮ ಉಣ್ಣೆ ನೂಲುತ್ತಿದ್ದಳು. ಹೆಂಡತಿ ಶಂಕ್ರಮ್ಮ ಹುಣಸೆ ಬೀಜ ಹುರಿದು, ಬೀಸಿ, ಹಂಡೆಯಲ್ಲಿ ಗಂಜಿ ಕಾಯಿಸುತ್ತಿದ್ದಳು. ಆ ಗಂಜಿ ಹಚ್ಚಿದರೇ ಕಂಬಳಿ ಬಿಗಿಯಾಗುವುದು. ಹಂಡೆ ದೊಡ್ಡದು, ತಾಮ್ರದ್ದು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಸರ್ಕಾರ ಬಿದ್ದ ವರ್ಷ ಶಹಾಪುರದ ಸಂತೆಯಲ್ಲಿ ಹಳೆಯ ಪಾತ್ರೆಗಳು ರಾಶಿ ಬಿದ್ದಿದ್ದವು. ಮಲ್ಕಪ್ಪ ಎರಡು ಕಂಬಳಿ ಕೊಟ್ಟು ಆ ಹಂಡೆಯನ್ನೂ ಹಿಟ್ಟು ನಾದುವ ಒಂದು ಪರಾತವನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಇಷ್ಟು ಅಗ್ಗಕ್ಕೆ ಯಾಕೆ ಎಂದು ಆ ವರ್ಷ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಮಗಳು ಹಣಮಮ್ಮ ಲಾಲಪ್ಪನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಮನೆಯಲ್ಲಿ ಅವಳು ಹಣಮಿ. ಐದನೆಯ ಇಯತ್ತೆಯಲ್ಲಿ ಓದುತ್ತಿದ್ದಳು, ಅದೂ ಕನ್ನಡದಲ್ಲಿ. ಆ ವರ್ಷ ಉರ್ದು ತರಗತಿಗೆ ಮಕ್ಕಳು ಸಾಲದೆ ಎಲ್ಲರನ್ನೂ ಒಂದೇ ಕೋಣೆಗೆ ತಂದು ಕೂರಿಸಿದ್ದರು. ಹೆಡ್‌ಮಾಸ್ತರ ಬಸವಂತ್ರಾಯ ಹೊಸ ಹುರುಪಿನ ಮನುಷ್ಯ. ಜಾತಿಗೊಂದು ಕೊಡ ಇಡುವ ಪದ್ಧತಿ ತನ್ನ ಸಾಲೆಯಲ್ಲಿ ನಡೆಯುವುದಿಲ್ಲ, ಕೊಡ ಒಂದೇ, ಕುಡಿಯಲು ಪಾತ್ರೆ ಮಾತ್ರ ಅವರವರು ಮನೆಯಿಂದ ತರಬೇಕು ಎಂದು ಹೇಳಿ ಕಳಿಸಿದ.

ಪಾತ್ರೆ ಕೊಟ್ಟವಳು ಗೊಲ್ಲಾಳಮ್ಮನೇ. ಸತ್ತ ಗಂಡ ಮಾಳಿಂಗಪ್ಪನ ಹೆಸರು ಕೊರೆಸಿದ ತಾಮ್ರದ ಸಣ್ಣ ತಂಬಿಗೆ ಅದು. ಆ ಕಾಲದಲ್ಲಿ ಹೆಸರು ಕೊರೆಯುವ ಅಂಗಡಿಯವನಿಗೆ ಉರ್ದು ಒಂದೇ ಬರುತ್ತಿತ್ತು, ಆದ್ದರಿಂದ ಊರಿನ ಕುರುಬರ, ಕಬ್ಬಲಿಗರ, ಕೋಮಟಿಗರ ಪಾತ್ರೆಗಳ ಮೇಲೆಲ್ಲ ಉರ್ದು ಅಕ್ಷರ. ಗೊಲ್ಲಾಳಮ್ಮನಿಗೆ ಅದನ್ನು ಓದಲು ಬಾರದು, ಬೆರಳಿಂದ ಸವರಲು ಬರುತ್ತಿತ್ತು. ಮೊಮ್ಮಗಳ ಕೈಗೆ ಕೊಡುವಾಗ ಅವಳು ಒಂದೇ ಕರಾರು ಹಾಕಿದಳು: ರವಿವಾರ ತಂಬಿಗೆ ಮನೆಯಲ್ಲಿರಬೇಕು. ರವಿವಾರ ಮನೆದೇವರು ಮಲ್ಲಯ್ಯನ ವಾರ. ಕರಿ ಕಂಬಳಿ ಮಡಿಸಿ ಗದ್ದುಗೆ ಮಾಡಿ, ಭಂಡಾರದ ಅರಿಶಿನ ಚೆಲ್ಲಿ, ಆ ತಂಬಿಗೆಯಲ್ಲಿ ಆಡಿನ ಹಾಲು ತುಂಬಿ ಇಡುತ್ತಿದ್ದರು. ಪೂಜೆ ಮುಗಿದ ಮೇಲೆ ಮನೆಯವರೆಲ್ಲ ಅದರಿಂದ ಒಂದೊಂದು ಗುಟುಕು.

ಸಾಲೆಯಲ್ಲಿ ಹಣಮಿಯ ಪಕ್ಕ ಕೂರುತ್ತಿದ್ದವಳು ಶರೀಫಾಬೀ. ಅವಳ ಅಜ್ಜ ತಹಸೀಲ ಕಚೇರಿಯಲ್ಲಿ ಪೇಶ್ಕಾರನಾಗಿದ್ದವನು, ಬಲು ದೊಡ್ಡ ಹೆಸರು. ಅವನ ಕಾಲದಲ್ಲಾದರೆ ಕುರುಬರು ಆ ಮನೆಯ ಬಾಗಿಲಲ್ಲಿ ಕಂಬಳಿ ಹೊತ್ತು ನಿಲ್ಲಬೇಕಿತ್ತು. ಈಗ ಮನೆಯ ಒಂದು ಗೋಡೆ ಬಿದ್ದಿತ್ತು, ಎತ್ತಿಸಿರಲಿಲ್ಲ. ಶರೀಫಾಬೀಗೆ ಕನ್ನಡದ ಒತ್ತಕ್ಷರ ಹತ್ತುತ್ತಿರಲಿಲ್ಲ. ಹಣಮಿ ಅವಳ ಕೈ ಹಿಡಿದು ತಿದ್ದಿಸಿದಳು. ಅದಕ್ಕೆ ಬದಲು ಶರೀಫಾಬೀ ತಂಬಿಗೆಯ ಮೇಲಿನ ಉರ್ದು ಅಕ್ಷರದ ಮೇಲೆ ಹಣಮಿಯ ಬೆರಳು ಆಡಿಸಿ, ಇದು ನಿಮ್ಮ ಮುತ್ಯಾನ ಹೆಸರು ಎಂದು ತೋರಿಸಿದಳು. ಒಂದೊಂದೇ ಅಕ್ಷರ ಹಾಗೆ ಬಂದವು. ಸಜ್ಜಿ ರೊಟ್ಟಿ ಆ ಕಡೆ ಹೋಯಿತು, ಶೀರಾ ಈ ಕಡೆ ಬಂತು. ಶರೀಫಾಬೀಯ ತಂಬಿಗೆಯೂ ಅದೇ ಅಂಗಡಿಯದು, ಅದೇ ಅಳತೆಯದು, ಮೇಲೆ ಅವಳ ಅಜ್ಜನ ಹೆಸರು. ದೀಪಾವಳಿ ರಜೆ ಮುಗಿದು ಸಾಲೆ ತೆರೆದ ದಿನ ಇಬ್ಬರೂ ತಂಬಿಗೆ ಅದಲು ಬದಲು ಮಾಡಿಕೊಂಡರು. ಗೆಳತಿಯರು ಬಳೆ ಬದಲಿಸುತ್ತಾರೆ. ಇವರ ಕೈಯಲ್ಲಿ ತಂಬಿಗೆ ಇತ್ತು.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ತಂಬಿಗೆಯ ಒಳಗೆ ಬೆಳ್ಳಗೆ ತವರದ ಕಲಾಯಿ ಇರುವುದನ್ನು ಗೊಲ್ಲಾಳಮ್ಮ ಒಮ್ಮೆ ನೋಡಿ, ಕಲಾಯಿ ಹಾಕಿಸಿದೆಯಾ ಎಂದು ಸೊಸೆಯನ್ನು ಕೇಳಿದಳು. ಶಂಕ್ರಮ್ಮ ಬೀಸುವ ಕಲ್ಲಿನ ಸದ್ದಿನಲ್ಲಿ ಮುಖವೆತ್ತದೆ ಹೂಂ ಅಂದಳು. ಅತ್ತೆಯ ಮಾತಿಗೆಲ್ಲ ಹೂಂ ಅನ್ನುವುದು ಅವಳಿಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಹನ್ನೆರಡು ರವಿವಾರ ಮಲ್ಲಯ್ಯನಿಗೆ ಆ ತಂಬಿಗೆಯಲ್ಲೇ ಹಾಲು ಇಟ್ಟರು.

ಗೊತ್ತಾದದ್ದು ಲಾಲಪ್ಪನಿಗೆ. ಸಂಕ್ರಾಂತಿ ಆದ ವಾರ ನೀರು ಕುಡಿಯಲು ತಂಬಿಗೆ ಎತ್ತಿದವನು ಹೆಸರು ಓದಿದ. ಸಿಟ್ಟೇನೂ ಬರಲಿಲ್ಲ. ಬಹಳ ದಿನಕ್ಕೆ ಓದಲು ಏನೋ ಸಿಕ್ಕಿತೆಂದು ಖುಷಿಯೇ ಆಯಿತು. ತಂಗಿಯ ಮುಖ ನೋಡಿದ, ಅವಳು ಕಣ್ಣಲ್ಲೇ ಬೇಡವೆಂದಳು. ಅವನು ನಕ್ಕು ನೀರು ಕುಡಿದು ತಂಬಿಗೆ ಬೋರಲು ಹಾಕಿದ.

ಫೆಬ್ರುವರಿಯ ಒಂದು ರವಿವಾರ ಕೊಂಕಲ್‌ನಿಂದ ಬಂದ ಕಾರ್ಡನ್ನು ಮಧ್ಯಾಹ್ನ ಊಟಕ್ಕೆ ಕುಳಿತಾಗ ಓದಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಗದ್ದುಗೆಯ ಮೇಲೆ ಹಾಲಿನ ತಂಬಿಗೆ ಇನ್ನೂ ಹಾಗೇ ಇತ್ತು. ಹಣಮಿ ಗೋಡೆಗೆ ಒರಗಿ ಓದಿದಳು. ಮಲ್ಕಪ್ಪನ ತಂಗಿಯ ಗಂಡ ಯಾರ ಕೈಲೋ ಬರೆಸಿದ್ದ: ಮಗ ಮಾನಪ್ಪನಿಗೆ ಹದಿನೇಳು ತುಂಬಿತು, ಹಿಂಡು ದೊಡ್ಡದಾಗಿದೆ, ಮನೆಯಲ್ಲಿ ಕೈ ಸಾಲದು, ಉಗಾದಿ ಕಳೆದ ಮೇಲೆ ಹಣಮಮ್ಮನನ್ನು ಕಳಿಸಿದರೆ ಕೆಲಸ ಕಲಿಯುತ್ತಾಳೆ, ಮುಂದೆ ಎರಡು ವರ್ಷಕ್ಕೆ ಅಕ್ಕಿಕಾಳು ಹಾಕೋಣ. ತನ್ನ ಮದುವೆಯ ಮಾತನ್ನು ಹುಡುಗಿ ಎಲ್ಲೂ ತಡವರಿಸದೆ ಪಾಠ ಒಪ್ಪಿಸಿದ ಹಾಗೆ ಓದಿ ಮುಗಿಸಿದಳು.

ಗೊಲ್ಲಾಳಮ್ಮ ಆಗಲಿ ಎಂದಳು. ಮಗಳ ಮನೆಗೆ ಮೊಮ್ಮಗಳು ಹೋಗುವುದು ಅವಳ ಮನಸ್ಸಿನಲ್ಲಿ ಎಂದೋ ಆಗಿಹೋದ ಮಾತು. ಮಲ್ಕಪ್ಪನಿಗೆ ಮಾತ್ರ ಮಗಳು ಓದಿದ ರೀತಿಯೇ ಕಿವಿಯಲ್ಲಿ ಕುಳಿತಿತ್ತು.

"ಹೆಣ್ಣುಕೂಸು ನೀರು ಕುಡದಂಗ ಕಾರ್ಡು ಓದ್ತು ನೋಡವ್ವ" ಎಂದ. "ಇಕಿ ಏಳನೆತ್ತ ಮುಗಸ್ಲಿ. ಕುರಿ ಕಾಯಾಕ ಮಂದಿ ಬೇಕಂದ್ರ ಇವ ಅದಾನಲ್ಲ. ಏಳು ವರ್ಷ ಸಾಲಿ ಕಲ್ತು ಒಂದು ಕಾರ್ಡು ಓದ್ಲಿಲ್ಲ. ಉಗಾದಿಗೆ ಇವನ್ನ ಕೊಂಕಲ್ಲಿಗೆ ಕಳಸ್ತೀನಿ."

ಶಂಕ್ರಮ್ಮ ಮಗನಿಗೆ ಇನ್ನೊಂದು ರೊಟ್ಟಿ ಹಾಕಲು ಬಗ್ಗಿದಳು. ಅವನು ಗಂಗಾಳ ಸರಿಸಿ ಎದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನು ಆಡುವುದಕ್ಕೆ ಮೊದಲು ಒಂದು ಗಳಿಗೆ ನಿಂತಿದ್ದು ನಿಜ. ಆಮೇಲೆ ಗದ್ದುಗೆಯಿಂದ ತಂಬಿಗೆ ಎತ್ತಿಕೊಂಡ, ಹಾಲು ತುಳುಕಿ ಕಂಬಳಿಗೆ ಬಿತ್ತು.

"ನನಗ ಓದಾಕ ಬರೂದು ಇದೊಂದ. ಕೇಳ್ರಿ" ಎಂದ. "ಗುಲಾಮ ದಸ್ತಗೀರ. ಪೇಶ್ಕಾರ. ಯಾದಗಿರಿ."

ಗೊಲ್ಲಾಳಮ್ಮನಿಗೆ ತಿಳಿಯಲಿಲ್ಲ. "ಯಾರಂವ?"

"ಈ ತಂಬಿಗಿ ಅಂವಂದು. ಮೂರು ತಿಂಗಳಾತು, ನಿನ್ನ ಮಲ್ಲಯ್ಯಗ ಅವನ ತಂಬಿಗ್ಯಾಗ ಹಾಲು ಇಡಾಕತ್ತಿ, ಆಯಿ. ನಾವೆಲ್ಲಾ ಕುಡ್ಯಾಕತ್ತೀವಿ. ಮುತ್ಯಾನ ತಂಬಿಗಿ ಎಲ್ಲಿ ಅಂತ ಇಕಿನ್ನ ಕೇಳು."

ಯಾರೂ ಏರುದನಿಯಲ್ಲಿ ಮಾತಾಡಲಿಲ್ಲ. ಹಣಮಿಯನ್ನು ಕೇಳಿದಾಗ ಅವಳು ಸುಳ್ಳು ಹೇಳಲಿಲ್ಲ. "ಶರೀಫಾಗ ಕೊಟ್ಟೀನಿ. ನಮ್ಮ ಮುತ್ಯಾ ಅವರ ಮನಿಗೆ ಹೋಗ್ಯಾನ, ಅವರ ಮುತ್ಯಾ ನಮ್ಮ ಮನಿಗೆ ಬಂದಾನ. ಅಷ್ಟ" ಎಂದಳು.

ಗೊಲ್ಲಾಳಮ್ಮ ಹಾಲನ್ನು ಬೇವಿನ ಗಿಡದ ಬುಡಕ್ಕೆ ಸುರಿದು ಬಂದಳು. ತಂಬಿಗೆಯನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟಳು. ಊಟ ಅಲ್ಲಿಗೇ ನಿಂತಿತು. ಸಂಜೆ ಮಗನನ್ನು ಕರೆದು, "ನಿಮ್ಮಪ್ಪನ ಹೆಸರು ಮಂದಿ ಮನ್ಯಾಗ ಉಳ್ಳಾಡಾಕತ್ತದ. ಮದ್ಲ ಅದನ್ನ ತಾ. ಇಕಿ ನಾಳಿಂದ ಸಾಲಿಗೆ ಹೋಗಂಗಿಲ್ಲ. ಉಗಾದಿಗೆ ಇಕಿನ್ನ ಕಳ್ಸು" ಎಂದಳು. ಮಲ್ಕಪ್ಪ ಎದುರು ಹೇಳಲಿಲ್ಲ. ಬೇರೆ ಯಾವ ಮಾತಿಗಾದರೂ ಹೇಳುತ್ತಿದ್ದ. ಅಪ್ಪನ ಹೆಸರು ಬಂದಾಗ ಆಗಲಿ ಎಂದ.

ಮರುದಿನದಿಂದ ಹಣಮಿ ಹಂಡೆಯ ಮುಂದೆ ಕುಳಿತು ಗಂಜಿ ತಿರುವತೊಡಗಿದಳು. ಅಳಲಿಲ್ಲ, ಉಣ್ಣುವುದಿಲ್ಲ ಎನ್ನಲಿಲ್ಲ. ಹೇಳಿದ್ದು ಮಾಡಿದಳು. ಅಜ್ಜಿ ಮಾತ್ರ ಅವಳ ಕೈಯಿಂದ ನೀರು ಇಸಿದುಕೊಳ್ಳುತ್ತಿರಲಿಲ್ಲ. ಹಣಮಿ ತಂದರೆ ನೆಲದ ಮೇಲೆ ಇಡು ಎನ್ನುತ್ತಿದ್ದಳು, ಆಮೇಲೆ ಶಂಕ್ರಮ್ಮ ಬಂದು ಎತ್ತಿ ಕೊಡಬೇಕು. ಶಂಕ್ರಮ್ಮ ಒಂದು ದಿನ ಬೀಸುತ್ತ, ಕಲಾಯಿ ತಾನು ಹಾಕಿಸದಿದ್ದರೂ ಹೂಂ ಅಂದದ್ದನ್ನು ತನ್ನಷ್ಟಕ್ಕೆ ಹೇಳಿಕೊಂಡಳು. ಅಂದು ತಲೆ ಎತ್ತಿ ನೋಡಿದ್ದರೆ ಅಲ್ಲಿಗೇ ಸದ್ದಿಲ್ಲದೆ ಮುಗಿಯುತ್ತಿತ್ತಲ್ಲ ಎಂದು ಅವಳಿಗೆ ದುಃಖವಾಯಿತು. ಕೇಳಿಸಿಕೊಳ್ಳುವವರು ಇರಲಿಲ್ಲ.

ಮಂಗಳವಾರ ಮಲ್ಕಪ್ಪ ಪೇಶ್ಕಾರರ ಮನೆಗೆ ಹೋದ. ಶರೀಫಾಬೀಯ ಅಜ್ಜಿ ಚಮನಬೀ ಪರದೆಯ ಹಿಂದಿನಿಂದ ಮಾತಾಡುವಷ್ಟು ಹಳೆಯ ಕಾಲದವಳು, ಆದರೆ ಪರದೆ ಹರಿದು ಹೋಗಿತ್ತು, ಎದುರಿಗೇ ಕುಳಿತಿದ್ದಳು. ಅವಳ ಮಂಚದ ಪಕ್ಕದ ಗೋಡೆಯ ಮಾಡದಲ್ಲಿ ಮಾಳಿಂಗಪ್ಪನ ತಂಬಿಗೆ ಇತ್ತು. ಒಳಗೆ ಹೊಸದಾಗಿ ಕಲಾಯಿ ಹಾಕಿಸಿದ್ದರು.

"ಬಂದ ದಿನಾನ ಓದೀನಿ" ಎಂದಳು ಚಮನಬೀ. "ಮಾಳಿಂಗಪ್ಪ, ಕೊಂಕಲ್ ಅಂತ ಅದ. ನಿಮ್ಮವ್ವ ತಿಳದ ಕಳ್ಸ್ಯಾಳ ಅನ್ಕೊಂಡೆ. ಈ ದಿನಮಾನದಾಗ ನಮ್ಮ ಮನಿಗೆ ಯಾರಪ್ಪ ಏನು ಕಳಸ್ತಾರ? ವಾಪಸ್ ಕೊಟ್ರ ಆಕಿಗೆ ಬೇಇಜ್ಜತಿ ಆಗ್ತದ ಅಂತ ಇಟ್ಕೊಂಡೆ. ನನ್ನ ಗುಳಿಗಿ ಇದರಾಗಿನ ನೀರಿಂದನ ನುಂಗ್ತೀನಿ."

ಮಲ್ಕಪ್ಪ ತಾನು ತಂದಿದ್ದ ತಂಬಿಗೆಯನ್ನು ಅವಳ ಮುಂದೆ ಇಟ್ಟ. ಅವಳು ಎರಡನ್ನೂ ನೋಡಿದಳು, ವಿಷಯ ತಿಳಿಯಿತು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವನದನ್ನು ಅವನಿಗೆ ಕೊಟ್ಟಳು. ಹಣಮಿ ಸಾಲೆಗೆ ಯಾವಾಗ ಬರುತ್ತಾಳೆಂದು ಶರೀಫಾಬೀ ದಿನಾ ಕೇಳುತ್ತಾಳೆ ಎಂದಳು. ಬರ್ತಾಳ್ರಿ, ಜ್ವರ ಬಂದಾವ ಎಂದು ಮಲ್ಕಪ್ಪ ಸುಳ್ಳು ಹೇಳಿದ. ದಾರಿಯುದ್ದಕ್ಕೂ ಅವನಿಗೆ ನಾಚಿಕೆಯಾಗುತ್ತಿತ್ತು, ಯಾರ ಮುಂದೆ ಎಂದು ಗೊತ್ತಾಗಲಿಲ್ಲ.

ಗೊಲ್ಲಾಳಮ್ಮ ತಂಬಿಗೆಯನ್ನು ಬೂದಿ ಹುಣಸೆಹಣ್ಣಿನಿಂದ ಮೂರು ಸಲ ತಿಕ್ಕಿದಳು, ಕೆಂಡದ ಮೇಲೆ ಹಿಡಿದು ಕಲಾಯಿ ಕರಗಿಸಿದಳು. ತಂಬಿಗೆಯ ಒಂದು ಮೈ ಕಪ್ಪಗಾಯಿತು.

ಜ್ವರದ ಸುದ್ದಿ ಕೇಳಿ ಶರೀಫಾಬೀ ಒಂದು ದಿನ ಸಾಲೆ ಬಿಟ್ಟ ಮೇಲೆ ಬಂದಳು. ಹೊಸ್ತಿಲಾಚೆ ನಿಂತು ಹಣಮಿಯ ಹೆಸರು ಕರೆದಳು. ಕೈಯಲ್ಲಿ ಹಣಮಿಯ ಪಾಟಿ ಇತ್ತು, ಸಾಲೆಯಲ್ಲಿ ಉಳಿದದ್ದು. ಗೊಲ್ಲಾಳಮ್ಮ ನೂಲು ಬಿಡದೆ, ಹಣಮಿ ಊರಿಗೆ ಹೋಗ್ಯಾಳ ಎಂದಳು. ಹಣಮಿ ಹತ್ತು ಮಾರು ಒಳಗೆ ಹಂಡೆಯ ಮುಂದೆ ಇದ್ದಳು. ತಿರುವುತ್ತಿದ್ದ ಕೈ ನಿಲ್ಲಲಿಲ್ಲ, ನಿಂತರೆ ಗಂಜಿ ಹತ್ತುತ್ತದೆ. ಶರೀಫಾಬೀ ಪಾಟಿಯನ್ನು ಕಟ್ಟೆಯ ಮೇಲೆ ಇಟ್ಟು ಹೋದಳು. ಅದರ ಮೇಲೆ ಅಂದಿನ ಪಾಠ ಬರೆದಿತ್ತು, ಒತ್ತಕ್ಷರ ಎಲ್ಲ ಸರಿಯಾಗಿದ್ದವು. ಶಂಕ್ರಮ್ಮ ಅದನ್ನು ಜೋಳದ ಗುಮ್ಮಿಯ ಹಿಂದೆ ತೆಗೆದಿಟ್ಟಳು.

ಹೆಡ್‌ಮಾಸ್ತರನೂ ಬಂದ. ವರ್ಷದ ಪರೀಕ್ಷೆಗೆ ಆರು ವಾರ ಉಳಿದಿದೆ, ಹುಡುಗಿ ಜಾಣೆ ಎಂದು ನಿಂತೇ ಹೇಳಿದ. ಗೊಲ್ಲಾಳಮ್ಮ ಕುಡಿಯಲು ಮಜ್ಜಿಗೆ ಕೊಡಿಸಹೋದಳು. ಅವನು ಈಗ ತಾನೇ ಚಹಾ ಆಗಿದೆ ಎಂದು ಕೈ ಮುಗಿದ. ಗೊಲ್ಲಾಳಮ್ಮ ಅವನ ಕಡೆಗೂ ಮಜ್ಜಿಗೆಯ ಕಡೆಗೂ ನೋಡಿದಳು. ಸಾಲೆಯಲ್ಲಿ ಕೊಡ ಒಂದೇ ಅಂತೀರಲ್ರಿ ಎಂದಳು. ಮಾಸ್ತರ ಚಪ್ಪಲಿ ಮೆಟ್ಟಿಕೊಂಡ.

ಈ ನಡುವೆ ಲಾಲಪ್ಪನನ್ನು ಯಾರೂ ಕೊಂಕಲ್ಲಿಗೆ ಹೋಗು ಎನ್ನಲಿಲ್ಲ. ಮಲ್ಕಪ್ಪ ಅವನನ್ನು ಮಗ್ಗದಲ್ಲಿ ಕೂರಿಸಿ ಲಾಳಿ ಹಿಡಿಯಲು ಕಲಿಸಿದ. ಅವನು ಬೇಕೆಂದದ್ದು ಆಗಿತ್ತು. ಆದರೂ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ತಂಗಿಯೊಡನೆ ಎರಡು ಸಲ ಮಾತಾಡಲು ನೋಡಿದ. ಅವಳು ಸಿಟ್ಟು ಮಾಡಲಿಲ್ಲ, ಏನು ಬೇಕು ಅಣ್ಣ ಎಂದು ಕೇಳಿದಳು, ಅವನು ಮಗ್ಗಕ್ಕೆ ಮರಳಿದ.

ಉಗಾದಿ ಕಳೆದು ಮಾನಪ್ಪ ಗಾಡಿ ತರುವ ಹಿಂದಿನ ದಿನ ರವಿವಾರ. ಕಪ್ಪಾದ ತಂಬಿಗೆಯಲ್ಲಿ ಹಾಲು ಇಟ್ಟು ಪೂಜೆ ಮುಗಿಸಿದ ಗೊಲ್ಲಾಳಮ್ಮ ಕುಡಿಯಲಿಲ್ಲ. ತಂಬಿಗೆ ಬದಲಾದದ್ದು ತಿಳಿದ ದಿನದಿಂದ ಅವಳಿಗೆ ಯಾವ ಪಾತ್ರೆ ಮುಟ್ಟಿದರೂ ಅನುಮಾನ. ಯಾರಿಗೂ ಹೇಳಿರಲಿಲ್ಲ, ಅಂದು ಹೇಳಿದಳು.

"ಮನ್ಯಾಗಿನ ಭಾಂಡೆ ಎಲ್ಲಾ ಹೊರಗ ತರ್ರಿ. ಲಾಲಪ್ಪ ಓದ್ಲಿ. ಯಾವುದರ ಮ್ಯಾಲೆ ಯಾರು ಅದಾರ ಅಂತ ನನಗ ತಿಳೀಬೇಕು."

ಅಂಗಳದಲ್ಲಿ ಪಾತ್ರೆ ಸಾಲಾಗಿ ಕುಳಿತವು. ಶಂಕ್ರಮ್ಮ ಒಂದೊಂದನ್ನೇ ಎತ್ತಿ ಕೊಟ್ಟಳು, ಲಾಲಪ್ಪ ಓದಿದ. ಕೊಡದ ಮೇಲೆ ಮಾಳಿಂಗಪ್ಪ. ಎರಡು ಗಂಗಾಳದ ಮೇಲೆ ಮಾಳಿಂಗಪ್ಪ. ಹಿತ್ತಾಳೆಯ ಬೋಗುಣಿಯ ಮೇಲೆ ಶಂಕ್ರಮ್ಮನ ತವರಿನವರ ಹೆಸರು. ಗೊಲ್ಲಾಳಮ್ಮ ಪ್ರತಿಯೊಂದಕ್ಕೂ ತಲೆದೂಗಿ ಬಲಗಡೆ ಇಡಿಸಿದಳು. ಆಮೇಲೆ ಪರಾತ ಬಂತು. ಒಂಬತ್ತು ವರ್ಷ ಇದರಲ್ಲೇ ಹಿಟ್ಟು ನಾದಿ ರೊಟ್ಟಿ ಬಡಿದಿದ್ದರು. ಅಂಚಿನ ಮೇಲೆ ಸಣ್ಣ ಅಕ್ಷರದಲ್ಲಿ, ಹುಸೇನಬೀಗೆ, ನಿಕಾಹಿನ ದಿನ, ಅವಳ ತಾಯಿಯಿಂದ ಎಂದು ಬರೆದದ್ದನ್ನು ಲಾಲಪ್ಪ ಮನಸ್ಸಿನಲ್ಲೇ ಓದಿಕೊಂಡ. ಪಕ್ಕದಲ್ಲಿ ಹಂಡೆ. ಹಂಡೆಯ ಕಂಠದ ಮಸಿ ಒರೆಸಿದರೆ ಖಾಸಿಂಸಾಹೇಬ, ಸುರಪುರ.

ಒಳಗೆ ಮಗ್ಗದ ಸದ್ದು ನಿಂತಿತು. ಮಲ್ಕಪ್ಪ ಮಗ್ಗದ ಕುಣಿಯಲ್ಲಿ ಕುಳಿತೇ ಮಗನ ಮುಖ ನೋಡುತ್ತಿದ್ದ. ಶಹಾಪುರದ ಸಂತೆ ಅವನಿಗೆ ನೆನಪಿತ್ತು. ಆ ವರ್ಷ ಏನೇನು ಯಾರ ಮನೆಯಿಂದ ಲೂಟಿಯಾಗಿ ಸಂತೆಗೆ ಬಂತೆಂದು ಲಾಲಪ್ಪನಿಗೂ ಗೊತ್ತಿತ್ತು, ಅವನಾಗ ಉರ್ದು ಸಾಲೆಗೆ ಹೋಗುವ ಹುಡುಗ, ಬೆಂಚಿನಲ್ಲಿ ಪಕ್ಕದವರು ಒಬ್ಬೊಬ್ಬರೇ ಬರುವುದು ನಿಂತಿತ್ತು.

"ಏನದ ಅದರ ಮ್ಯಾಲೆ?" ಎಂದಳು ಗೊಲ್ಲಾಳಮ್ಮ.

"ಅಂಗಡಿ ಮುದ್ರಿ, ಆಯಿ. ಸೊಲ್ಲಾಪುರ ಅಂತ ಅದ."

"ಹಂಡೇದು?"

"ಅದೂ ಅದ ಅಂಗಡೀದು."

ಗೊಲ್ಲಾಳಮ್ಮ ಉಸಿರು ಬಿಟ್ಟಳು.

"ಹಂಗಾರ ಎಲ್ಲಾ ನಮ್ಮುವ" ಎಂದು ತಂಬಿಗೆ ಎತ್ತಿ, ತಣ್ಣಗಾದ ಹಾಲನ್ನು ಒಂದು ಗುಟುಕು ಕುಡಿದಳು. ಮಗ್ಗದ ಸದ್ದು ಮತ್ತೆ ಶುರುವಾಯಿತು. ರೊಟ್ಟಿಗೆ ಹೊತ್ತಾಯಿತೆಂದು ಅವಳು ಸೊಸೆಯನ್ನು ಒಳಗೆ ಕಳಿಸಿದಳು.

ಪಾತ್ರೆ ಒಳಗೆ ಸಾಗಿಸುವ ಕೆಲಸ ಹಣಮಿಯದು. ಪರಾತ ಎತ್ತಿಕೊಳ್ಳಲು ಬಗ್ಗಿದವಳು ಅಂಚಿನ ಅಕ್ಷರದ ಮೇಲೆ ಬೆರಳು ಇಟ್ಟು, ಬಲದಿಂದ ಎಡಕ್ಕೆ, ನಿಧಾನವಾಗಿ ಕೊನೆಯವರೆಗೆ ಆಡಿಸಿದಳು. ಲಾಲಪ್ಪ ನೋಡಿದ. ಇವಳಿಗೂ ಓದಲು ಬರುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಣಮಿ ಪರಾತವನ್ನು ಸೊಂಟಕ್ಕೆ ಇಟ್ಟುಕೊಂಡು ಅವನ ಪಕ್ಕ ಒಂದು ಗಳಿಗೆ ನಿಂತಳು.

"ಅವತ್ತೂ ಹಿಂಗ ಓದಬೇಕಿತ್ತು, ಅಣ್ಣ" ಎಂದಳು. ಹಿಟ್ಟು ನಾದಲು ಅವ್ವ ಕರೆಯುತ್ತಿದ್ದಳು, ಒಳಗೆ ಹೋದಳು.